ರೈತ ಕಂಪನಿಯ ಹೆಸರು ಕೆಡದಂತೆ ಕಾಯುವುದು ಹೇಗೆ? ಮಂಗಳೂರಿನ ಕ್ಯಾಂಪ್ಕೊ ಕಲಿಸುವ ಪಾಠ

ಊರಿನ ಯುವಕರು ಸೇರಿ ರೈತ ಉತ್ಪಾದಕ ಕಂಪನಿ ಮಾಡ್ತೀರಿ. ಷೇರು ಹಣ ಕೂಡಿಸಿ ಗಾಣ ಹಾಕ್ತೀರಿ, ತೆಂಗಿನೆಣ್ಣೆ ಬಾಟಲಿಗೆ ಚಂದದ ಲೇಬಲ್ ಅಂಟಿಸ್ತೀರಿ. ಒಂದು ಬೆಳಿಗ್ಗೆ ಗಿರಾಕಿಯೊಬ್ಬರು ಅದೇ ಬಾಟಲಿಯ ಫೋಟೊ ತೆಗೆದು, ‘ಇದು ಕಲಬೆರಕೆ’ ಅಂತ ವಾಟ್ಸಾಪ್ ಗ್ರೂಪಿಗೆ ಹಾಕ್ತಾರೆ. ಮಧ್ಯಾಹ್ನದೊಳಗೆ ಅದು ಹತ್ತು ಗ್ರೂಪಿಗೆ ಹೋಗಿರ್ತದೆ. ಸಂಜೆ ಅಂಗಡಿಯವರು ಫೋನ್ ಮಾಡಿ, ‘ಮಾಲು ವಾಪಸ್ ತಗೊಂಡು ಹೋಗಿ’ ಅಂತಾರೆ.

ಆವತ್ತು ಏನು ಮಾಡಬೇಕು ಅನ್ನುವುದನ್ನು ಆವತ್ತೇ ಯೋಚಿಸಲಿಕ್ಕೆ ಹೋದರೆ ತಡವಾಯ್ತು. ಈ ವಾರದ ಪಾಠ ಅದರ ಬಗ್ಗೆಯೇ.

ನಂಬಿಕೆ ಎಂಬ ಠೇವಣಿ

1970ರ ದಶಕದ ಆರಂಭದಲ್ಲಿ ಅಡಿಕೆ ಧಾರಣೆ ನೆಲಕಚ್ಚಿತ್ತು. ಆ ಕಷ್ಟದಿಂದಲೇ 1973ರ ಜುಲೈ 11ರಂದು ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರ ಈ ಸಹಕಾರಿ ಸಂಸ್ಥೆಯ ಸ್ಥಾಪಕ ಅಧ್ಯಕ್ಷರು ವಾರಣಾಸಿ ಸುಬ್ರಾಯ ಭಟ್ಟರು.

ದೊಡ್ಡ ಪರೀಕ್ಷೆ ಬಂದದ್ದು ಕೊಕ್ಕೊ ವಿಷಯದಲ್ಲಿ. ಅಡಿಕೆ ತೋಟದ ನಡುವೆ ಮಿಶ್ರಬೆಳೆಯಾಗಿ ಕೊಕ್ಕೊ ಹಾಕಿದ್ದ ರೈತರಿಗೆ, 1980ರ ಹೊತ್ತಿಗೆ ವಿಶ್ವ ಮಾರುಕಟ್ಟೆಯಲ್ಲಿ ಬೆಲೆ ಬಿದ್ದಾಗ ಕೊಳ್ಳುವವರೇ ಇಲ್ಲದಂತಾಯ್ತು. ಆಗ ಕ್ಯಾಂಪ್ಕೊ ಕೊಕ್ಕೊ ಖರೀದಿಗೆ ಇಳಿಯಿತು. ಕೊಂಡದ್ದನ್ನು ಬಳಸುವ ದಾರಿಯೂ ಬೇಕಲ್ಲ? 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕಲೇಟ್ ಕಾರ್ಖಾನೆ ಶುರುವಾಯ್ತು.

ಇದರಲ್ಲಿ ನಮಗೇನು ಪಾಠ? ಒಳ್ಳೆ ಹೆಸರು ಬ್ಯಾಂಕಿನ ಠೇವಣಿ ಇದ್ದ ಹಾಗೆ. ಒಳ್ಳೆಯ ದಿನಗಳಲ್ಲಿ ಸ್ವಲ್ಪ ಸ್ವಲ್ಪ ಕಟ್ಟಿಟ್ಟರೆ ಮಾತ್ರ ಕೆಟ್ಟ ದಿನ ತೆಗೆಯಲಿಕ್ಕೆ ಆಗ್ತದೆ. ಧಾರಣೆ ಬಿದ್ದಾಗ ಸದಸ್ಯರ ಕೈಬಿಟ್ಟ ಕಂಪನಿಗೆ, ತನ್ನ ಮೇಲೆ ಅಪವಾದ ಬಂದಾಗ ಸದಸ್ಯರು ಯಾಕೆ ಬೆನ್ನಿಗೆ ನಿಲ್ಲಬೇಕು?

ಚಾಕಲೇಟಿನಲ್ಲಿ ಹುಳ

2003ರ ಅಕ್ಟೋಬರಿನಲ್ಲಿ, ದೀಪಾವಳಿ ವ್ಯಾಪಾರದ ಹೊತ್ತಿಗೇ, ಮಹಾರಾಷ್ಟ್ರದಲ್ಲಿ ಕ್ಯಾಡ್ಬರಿ ಡೈರಿ ಮಿಲ್ಕ್ ಚಾಕಲೇಟಿನಲ್ಲಿ ಹುಳ ಸಿಕ್ಕಿತು. ಅಂಗಡಿಗಳಲ್ಲಿ ಸರಿಯಾಗಿ ದಾಸ್ತಾನು ಇಡದ್ದೇ ಕಾರಣ ಅಂತ ಕಂಪನಿ ಮೊದಲಿಗೆ ಹೇಳಿತು. ಜನಕ್ಕೆ ಅದು ಸಮಾಧಾನ ತರಲಿಲ್ಲ, ಮಾರಾಟ ಬಿತ್ತು. ಆಮೇಲೆ ಕಂಪನಿ ದಾರಿ ಬದಲಿಸಿತು: ಚಿಲ್ಲರೆ ಅಂಗಡಿಯವರಿಗೆ ದಾಸ್ತಾನಿನ ತಿಳಿವಳಿಕೆ ಕೊಟ್ಟಿತು, ಗಾಳಿಯಾಡದ ಹೊಸ ಹೊದಿಕೆ ತಂದಿತು. 2004ರಲ್ಲಿ ಅಮಿತಾಭ್ ಬಚ್ಚನ್ ಜಾಹೀರಾತಿಗೆ ಬಂದರು.

ಕ್ರಮ ಗಮನಿಸಿ. ಮಾಲಿನ ಹೊದಿಕೆ ಬದಲಾಗದೆ ಬಚ್ಚನ್ ಒಬ್ಬರೇ ಬಂದಿದ್ದರೆ ಏನೂ ಪ್ರಯೋಜನ ಇರಲಿಲ್ಲ. ಮೊದಲು ದೋಷ ಸರಿಮಾಡಿ, ಆಮೇಲೆ ಮಾತಾಡಿ.

ನಮ್ಮ ಅಡಿಕೆಯ ಹೆಸರು

ಅಡಿಕೆ ಬೆಳೆಗಾರರ ಹೆಸರಿಗೆ ಎರಡು ಕಡೆಯಿಂದ ಪೆಟ್ಟು ಉಂಟು. ಒಂದು, ಹೊರದೇಶದ ಅಗ್ಗದ ಅಡಿಕೆ. ಇದನ್ನು ತಡೆಯಲಿಕ್ಕೆ ಕೇಂದ್ರ ಸರಕಾರ 2023ರಲ್ಲಿ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿತು. ಆದರೆ ನಮ್ಮದೇ ಗೋದಾಮಿನಲ್ಲಿ ಒಳ್ಳೆ ಚಾಲಿ ಜೊತೆ ಕಳಪೆ ಮಾಲು ಬೆರೆತರೆ ಯಾವ ಆದೇಶವೂ ನಮ್ಮನ್ನು ಕಾಯೋದಿಲ್ಲ.

ಎರಡನೆಯದು ಆರೋಗ್ಯದ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಈ ಸುದ್ದಿ ಮತ್ತೆ ಮತ್ತೆ ಬರ್ತದೆ, ನಮಗೆ ನೋವಾಗೋದು ಸಹಜ. ಹಾಗಂತ ‘ಎಲ್ಲ ಸುಳ್ಳು, ಅಡಿಕೆ ಅಂದ್ರೆ ಔಷಧಿ’ ಅಂತ ಪೋಸ್ಟ್ ಹಾಕ್ಬೇಡಿ. ಪ್ಯಾಕೆಟ್ ಮೇಲೆ ಆರೋಗ್ಯದ ಗುಣಗಾನ ಬರೆಯಬೇಡಿ. ಗೊತ್ತಿದ್ದಷ್ಟು ಹೇಳುವ ಬೆಳೆಗಾರನ ಮಾತಿಗೆ ಬೆಲೆ ಉಂಟು. ಆದಾಯಕ್ಕೆ ಕಾಳುಮೆಣಸು, ಕೊಕ್ಕೊ, ಜಾಯಿಕಾಯಿ ಜೊತೆಗಿದ್ದರೆ ಒಂದು ಸುದ್ದಿಯಿಂದ ಇಡೀ ಮನೆ ಅಲ್ಲಾಡೋದಿಲ್ಲ.

ಮೊದಲೇ ಮಾಡಿಡಬೇಕಾದ್ದು

1. ಲಾಟ್ ನಂಬರ್: ಪ್ರತಿ ಬಾಟಲಿ, ಪ್ರತಿ ಗೋಣಿಗೆ ನಂಬರ್ ಹಾಕಿ. ಯಾರ ತೋಟದ್ದು, ಯಾವ ದಿನದ್ದು ಅಂತ ಪುಸ್ತಕದಲ್ಲಿರಲಿ. ಆಗ ದೂರು ಬಂದರೆ ಐವತ್ತು ಬಾಟಲಿ ವಾಪಸ್ ತಂದರೆ ಸಾಕು. ನಂಬರ್ ಇಲ್ಲದಿದ್ದರೆ ಐದು ಸಾವಿರವನ್ನೂ ತರಬೇಕಾಗ್ತದೆ.
2. ತೇವಾಂಶ: ಬೂಸ್ಟು ಬರೋದು ಇಲ್ಲಿಂದಲೇ. ಗಾಣಕ್ಕೆ ಹೋಗುವ ಕೊಬ್ಬರಿ ಶೇ 6ರ ಆಸುಪಾಸು, ಕಾಳುಮೆಣಸು ಶೇ 11ರೊಳಗೆ ಒಣಗಿರಲಿ. ಸಂಘಕ್ಕೊಂದು ತೇವಾಂಶ ಮಾಪಕ ತಗೊಳ್ಳಿ.
3. ಸ್ಯಾಂಪಲ್: ಪ್ರತಿ ಲಾಟಿನಿಂದ ಒಂದು ಸೀಲ್ ಮಾಡಿದ ಸ್ಯಾಂಪಲ್ ತೆಗೆದಿಡಿ. ಪರವಾನಗಿಯ 14 ಅಂಕಿಯ ನಂಬರ್ ಲೇಬಲ್ಲಿನಲ್ಲಿ ಸ್ಪಷ್ಟವಾಗಿರಲಿ.
4. ಲೆಕ್ಕ: ಎಷ್ಟೋ ಸಂಘಗಳು ಹಾಳಾಗೋದು ಒಳಗಿನ ಗುಸುಗುಸುವಿನಿಂದ. ತಿಂಗಳ ಖರೀದಿ, ಮಾರಾಟ, ಬಾಕಿ ಮೂರನ್ನೂ ಸದಸ್ಯರ ಗ್ರೂಪಿಗೆ ಹಾಕಿ.
5. ದೂರು ಪುಸ್ತಕ: ಒಂದೇ ತರದ ದೂರು ಮೂರು ಸಲ ಬಂದರೆ ಅದು ಎಚ್ಚರಿಕೆಯ ಗಂಟೆ.

ಅಪವಾದ ಬಂದ ದಿನ

- ಮೊದಲು ದೂರು ಕೊಟ್ಟವರಿಗೆ ಫೋನ್ ಮಾಡಿ. ಲಾಟ್ ನಂಬರ್ ಕೇಳಿ. ಜಗಳ ಬೇಡ.
- ಆ ಲಾಟಿನ ಮಾರಾಟ ನಿಲ್ಲಿಸಿ, ಸ್ಯಾಂಪಲ್ ಪ್ರಯೋಗಾಲಯಕ್ಕೆ ಕಳಿಸಿ.
- ಕಂಪನಿ ಪರವಾಗಿ ಒಬ್ಬರೇ ಮಾತಾಡಲಿ. ಉಳಿದ ನಿರ್ದೇಶಕರು ಗ್ರೂಪಿನಲ್ಲಿ ಉತ್ತರಿಸಬೇಡಿ.
- ನಾಲ್ಕು ಸಾಲಿನ ಪ್ರಕಟಣೆ ಸಾಕು: ದೂರು ಏನು, ಯಾವ ಲಾಟು, ನಾವು ಏನು ಮಾಡಿದೆವು, ಮುಂದಿನ ಮಾಹಿತಿ ಯಾವಾಗ.
- ವರದಿ ಬಂದ ಮೇಲೆ, ಅದು ನಮ್ಮ ವಿರುದ್ಧ ಇದ್ದರೂ, ಹಾಗೇ ಹಾಕಿ. ತಪ್ಪು ನಮ್ಮದಾದರೆ ಹಣ ವಾಪಸ್ ಕೊಡಿ.

ಈ ವಾರದ ಕೆಲಸ

ನಿಮ್ಮ ಗೋದಾಮಿನಿಂದ ಯಾವುದೋ ಒಂದು ಬಾಟಲಿ ಎತ್ತಿಕೊಳ್ಳಿ. ಅದು ಯಾರ ತೋಟದ ಕಾಯಿ, ಯಾವತ್ತು ಗಾಣಕ್ಕೆ ಹೋಯ್ತು, ಅದೇ ಲಾಟಿನ ಉಳಿದ ಬಾಟಲಿ ಯಾವ ಅಂಗಡಿಯಲ್ಲಿವೆ ಅಂತ ಹುಡುಕಿ. ಅರ್ಧ ಗಂಟೆಯೊಳಗೆ ಉತ್ತರ ಸಿಕ್ಕರೆ ಸಮಾಧಾನದಿಂದ ಮಲಗಬಹುದು. ಸಿಗದಿದ್ದರೆ ನಾಳೆಯಿಂದಲೇ ಲಾಟ್ ಪುಸ್ತಕ ಶುರುಮಾಡಿ.