ಪ್ರಶ್ನೋತ್ತರ: ದೂರ ಆಮೇಲೆ, ಮೊದಲು ದಾರಿ

ಓಟದ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹುಬ್ಬಳ್ಳಿಯ ಗೋಕುಲ ರಸ್ತೆ ಮತ್ತು ಅದರ ಆಚೀಚಿನ ಬಡಾವಣೆಗಳಿಂದ ಬಂದಿವೆ. ಎಷ್ಟು ಓಡಬೇಕು ಎಂದು ಕೇಳಿದವರಿಗಿಂತ ಎಲ್ಲಿ ಓಡಬೇಕು ಎಂದು ಕೇಳಿದವರೇ ಜಾಸ್ತಿ. ನನಗೆ ಅದೇ ಸರಿಯಾದ ಪ್ರಶ್ನೆ ಅನಿಸಿತು. ನಡುವೆ ಓಟ ಬಿಟ್ಟ ಬಹಳ ಮಂದಿಯನ್ನು ಕಂಡಿದ್ದೇನೆ. ದಮ್ಮು ಸಾಲದೆ ಬಿಟ್ಟವರು ಅವರಲ್ಲಿ ಕಡಿಮೆ, ದಾರಿ ಸರಿಹೋಗದೆ ಬಿಟ್ಟವರೇ ಹೆಚ್ಚು.

ಪ್ರಶ್ನೆ: ನಮ್ಮ ಮನೆ ಗೋಕುಲ ರಸ್ತೆಯ ಅಕ್ಷಯ ಪಾರ್ಕ್ ಹತ್ತಿರ. ವಯಸ್ಸು 36. ಮಕ್ಕಳು ಏಳುವ ಮೊದಲು, ಐದೂವರೆಯಿಂದ ಆರೂವರೆವರೆಗೆ ಮಾತ್ರ ನನಗೆ ಬಿಡುವು. ದೊಡ್ಡ ರಸ್ತೆಯಲ್ಲಿ ಬಸ್ಸು, ಲಾರಿ. ಒಳಗಿನ ಅಡ್ಡರಸ್ತೆಗಳಲ್ಲಿ ಕತ್ತಲು. ಒಬ್ಬಳೇ ಓಡಲು ಹೆದರಿಕೆ. ಮನೆಯವರು ಟೆರೇಸ್ ಮೇಲೆ ಓಡು ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ನಿಮ್ಮ ಹೆದರಿಕೆ ಎರಡು. ಒಂದು ವಾಹನದ್ದು, ಇನ್ನೊಂದು ಕತ್ತಲಲ್ಲಿ ಒಬ್ಬರೇ ಇರುವುದು. ಎರಡಕ್ಕೂ ಕಾರಣವಿದೆ. ಧೈರ್ಯ ಮಾಡಿ ಹೋಗಿಬಿಡಿ ಎಂದು ನಾನು ಹೇಳುವುದಿಲ್ಲ. ಹೆದರಿಕೆ ಇಟ್ಟುಕೊಂಡೇ ಓಡಲು ದಾರಿ ಇದೆ.

ಗೋಕುಲ ರಸ್ತೆ ನಸುಕಿನಲ್ಲೂ ಖಾಲಿ ಇರುವುದಿಲ್ಲ. ಹೊಸ ಬಸ್ ನಿಲ್ದಾಣ, ವಾಯವ್ಯ ಸಾರಿಗೆ ಸಂಸ್ಥೆಯ ಕಚೇರಿ, ಕೈಗಾರಿಕಾ ವಸಾಹತು, ವಿಮಾನ ನಿಲ್ದಾಣ ಎಲ್ಲವೂ ಇದೇ ರಸ್ತೆಗೆ ಕೂಡುತ್ತವೆ. ರಾತ್ರಿಯಿಡೀ ಗಾಡಿ ಹೊಡೆದು ಬಂದ ಚಾಲಕನ ಕಣ್ಣು ಆ ಹೊತ್ತಿಗೆ ದಣಿದಿರುತ್ತದೆ. ಆದ್ದರಿಂದ ಈ ರಸ್ತೆಯನ್ನು ದಾಟುವುದಕ್ಕೆ ಇಟ್ಟುಕೊಳ್ಳಿ, ಓಟಕ್ಕೆ ಬೇಡ.

ಓಟಕ್ಕೆ ನಿಮಗೆ ತೋಳನಕೆರೆ ಇದೆ. ದಂಡೆಯ ಮೇಲೆ ನಡೆಯುವವರಿಗೆ ದಾರಿ ಮಾಡಿದ್ದಾರೆ, ಅದರ ಮೇಲೆ ವಾಹನದ ಕಾಟವಿಲ್ಲ. ಆದರೆ ಮೊದಲ ವಾರ ಓಡಬೇಡಿ, ಬರೀ ನಡೆಯಿರಿ. ಗೇಟು ಎಷ್ಟಕ್ಕೆ ತೆಗೆಯುತ್ತಾರೆ, ಯಾವ ಮಗ್ಗುಲಲ್ಲಿ ದೀಪ ಉರಿಯುತ್ತದೆ, ಎಲ್ಲಿ ಕಲ್ಲು ಎದ್ದಿದೆ, ನಿಮ್ಮ ಹೊತ್ತಿಗೆ ಯಾರು ಯಾರು ಬರುತ್ತಾರೆ ಎಂದು ನೋಡಿಕೊಳ್ಳಿ. ದಿನಾ ಬರುವ ಇಬ್ಬರು ಹೆಣ್ಣುಮಕ್ಕಳ ಗುರುತು ಮಾಡಿಕೊಳ್ಳಿ. ಅವರು ನಿಮ್ಮ ಜೊತೆ ಓಡಬೇಕೆಂದೇನಿಲ್ಲ. ಒಂದು ದಿನ ನೀವು ಕಾಣದಿದ್ದರೆ "ಯಾಕ್ರೀ, ನಿನ್ನೆ ಬರಲಿಲ್ಲ?" ಎಂದು ಕೇಳುವವರು ಇದ್ದರೆ ಸಾಕು.

ಹೊತ್ತಿನ ಮಾತು. ನಮ್ಮ ದೇಶದ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಹುಬ್ಬಳ್ಳಿ ಇರುವುದು 75 ಡಿಗ್ರಿಯ ಆಸುಪಾಸು, ಪಶ್ಚಿಮಕ್ಕೆ. ಹಾಗಾಗಿ ಸೂರ್ಯ ನಮಗೆ ಸುಮಾರು ಅರ್ಧ ಗಂಟೆ ತಡವಾಗಿ ಬರುತ್ತಾನೆ. ಜೂನ್‌ನಲ್ಲಿ ಆರರ ಸುಮಾರಿಗೆ ಹೊತ್ತು ಹುಟ್ಟಿದರೆ ಜನವರಿಯಲ್ಲಿ ಏಳಾಗುತ್ತದೆ. ಬೇಸಿಗೆಯಲ್ಲಿ ನಿಮ್ಮ ಒಂದು ಗಂಟೆಯಲ್ಲಿ ಅರ್ಧವಾದರೂ ಬೆಳಕು ಸಿಗುತ್ತದೆ, ಚಳಿಗಾಲದಲ್ಲಿ ಇಡೀ ಗಂಟೆ ಕತ್ತಲು. ಆ ಎರಡು-ಮೂರು ತಿಂಗಳು ಮಕ್ಕಳನ್ನು ಶಾಲೆಗೆ ಕಳಿಸುವ ಕೆಲಸವನ್ನು ವಾರಕ್ಕೆ ಮೂರು ದಿನ ಯಜಮಾನರು ವಹಿಸಿಕೊಳ್ಳಲಿ. ಇದನ್ನು ಸಂಕೋಚವಿಲ್ಲದೆ ಕೇಳಿ. ಬೇಕಾದರೆ ಈ ಉತ್ತರವನ್ನೇ ಅವರಿಗೆ ತೋರಿಸಿ.

ಕೆರೆಯವರೆಗಿನ ದಾರಿಯಲ್ಲಿ ಫುಟ್‌ಪಾತ್ ಇಲ್ಲದ ಕಡೆ ರಸ್ತೆಯ ಬಲಬದಿಗೆ ಇರಿ. ನಮ್ಮಲ್ಲಿ ಗಾಡಿಗಳು ಎಡಕ್ಕೆ ಹೋಗುವುದರಿಂದ ಹತ್ತಿರದ ಗಾಡಿ ಆಗ ನಿಮ್ಮ ಎದುರಿಗೆ ಬರುತ್ತದೆ, ಬೆನ್ನಿಗಲ್ಲ. ತಿಳಿಬಣ್ಣದ ಬಟ್ಟೆ ಹಾಕಿ. ಇಯರ್‌ಫೋನ್ ಮನೆಯಲ್ಲಿ ಬಿಡಿ. ಮೊಬೈಲ್ ಕೈಯಲ್ಲಿರಲಿ, 112 ತುರ್ತು ಸಂಖ್ಯೆ ನೆನಪಿರಲಿ.

ಟೆರೇಸ್ ಪೂರ್ತಿ ಬೇಡವೆನ್ನಲಾರೆ. ಆದರೆ ಹತ್ತು ಹೆಜ್ಜೆಗೊಮ್ಮೆ ತಿರುಗಿದರೆ ಮೊಣಕಾಲು ತಿರುಚಿದಂತಾಗುತ್ತದೆ. ಮಳೆ ಬಂದ ದಿನ ಅಲ್ಲಿ ಬಸ್ಕಿ, ಹಿಮ್ಮಡಿ ಎತ್ತುವ ವ್ಯಾಯಾಮ ಮಾಡಿ. ಓಟಕ್ಕೆ ಕೆರೆಗೇ ಹೋಗಿ.

ಪ್ರಶ್ನೆ: ನಿವೃತ್ತ ನೌಕರ, ವಯಸ್ಸು 61. ಎರಡು ವರ್ಷದಿಂದ ಉಣಕಲ್ ಕೆರೆಯ ದಂಡೆಯಲ್ಲಿ ನಡೆಯುತ್ತಿದ್ದೇನೆ. ಈಗ ನಿಧಾನವಾಗಿ ಓಡಬೇಕೆಂಬ ಆಸೆ. ಗೆಳೆಯರು "ಮೊಣಕಾಲು ಸವೆದು ಹೋಗ್ತಾವ" ಎಂದು ಹೆದರಿಸುತ್ತಾರೆ. ನಿಜವೇ?

ಉತ್ತರ: ನೀವು ಎರಡು ವರ್ಷ ಬಿಡದೆ ನಡೆದಿದ್ದೀರಿ. ಓಟದ ಅರ್ಧ ತಯಾರಿ ಅಲ್ಲೇ ಆಗಿದೆ.

ಓಡಿದರೆ ಮೊಣಕಾಲು ಟೈರಿನ ಹಾಗೆ ಸವೆಯುತ್ತದೆ ಎಂಬ ನಂಬಿಕೆ ಹಳೆಯದು. ಕೀಲಿನೊಳಗಿನ ಕಾರ್ಟಿಲೇಜ್ (ಎಲುಬಿನ ತುದಿಗೆ ಹೊದಿಸಿದ ನುಣುಪಾದ ಮೆತ್ತೆ) ರಬ್ಬರಿನಂತಲ್ಲ. ಅದು ಜೀವಂತ. ಒತ್ತಡ ಬಿದ್ದು ಬಿಟ್ಟಾಗ ಕೀಲಿನ ದ್ರವವನ್ನು ಹೀರಿಕೊಂಡು ಪೋಷಣೆ ಪಡೆಯುತ್ತದೆ. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಹವ್ಯಾಸಕ್ಕೆ ಓಡುವವರಲ್ಲಿ ಸೊಂಟ ಅಥವಾ ಮೊಣಕಾಲಿನ ಆಸ್ಟಿಯೋ ಆರ್ತ್ರೈಟಿಸ್ (ಕೀಲು ಸವೆತ) ಕಂಡದ್ದು ಶೇ. 3.5 ಮಂದಿಯಲ್ಲಿ. ಓಡದೆ ಕೂತವರಲ್ಲಿ ಶೇ. 10.2. ಸ್ಪರ್ಧೆಗಾಗಿ ವರ್ಷಾನುಗಟ್ಟಲೆ ಕಠಿಣವಾಗಿ ಓಡಿದವರಲ್ಲಿ ಮಾತ್ರ ಶೇ. 13.3. ನಿಮ್ಮ ಗೆಳೆಯರ ಮಾತು ಆ ಕೊನೆಯ ಗುಂಪಿಗೆ ಸ್ವಲ್ಪ ಹೊಂದೀತು, ನಿಮಗಲ್ಲ.

ಹಾಗೆಂದು ನಾಳೆಯೇ ಓಡಬೇಡಿ. ಈ ವಯಸ್ಸಿನಲ್ಲಿ ಮೊದಲು ರಕ್ತದೊತ್ತಡ, ಸಕ್ಕರೆ, ಇಸಿಜಿ ಮಾಡಿಸಿ ನಿಮ್ಮ ವೈದ್ಯರಿಗೆ ತೋರಿಸಿ. ನಡೆಯುವಾಗ ಎದೆ ಬಿಗಿದಂತಾದರೆ, ಮೊಣಕಾಲು ಈಗಾಗಲೇ ಬಾತಿದ್ದರೆ, ಅದನ್ನು ಅವರಿಗೆ ಮುಚ್ಚಿಡದೆ ಹೇಳಿ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ ಹೈಪೊಗ್ಲೈಸೀಮಿಯಾ (ರಕ್ತದಲ್ಲಿ ಸಕ್ಕರೆ ತೀರಾ ಇಳಿಯುವುದು) ಆಗಬಹುದು, ಕಿಸೆಯಲ್ಲಿ ಸಕ್ಕರೆ ಇರಲಿ. ಒಮ್ಮೆಲೆ ಬೆವರಿ ಕೈ ನಡುಗಿದರೆ ಅಲ್ಲೇ ಕೂತು ತಿನ್ನಿ.

ಶುರು ಮಾಡುವ ಕ್ರಮ ಹೀಗೆ. ಹತ್ತು ನಿಮಿಷ ನಡಿಗೆ. ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಆರು ಸಲ. ವಾರಕ್ಕೆ ಮೂರೇ ದಿನ, ಒಂದು ದಿನ ಬಿಟ್ಟು ಒಂದು ದಿನ. ಓಡುತ್ತಲೇ ಪಕ್ಕದವರೊಂದಿಗೆ ಒಂದು ಇಡೀ ವಾಕ್ಯ ಮಾತಾಡಲು ಬರಬೇಕು. ಮಾತು ತುಂಡಾಗುತ್ತಿದ್ದರೆ ವೇಗ ಹೆಚ್ಚಾಗಿದೆ ಎಂದು ತಿಳಿಯಿರಿ. ದಂಡೆಯ ಮೇಲೆ ಸೋಮವಾರ ಹೋದ ದಿಕ್ಕಿಗೆ ಬುಧವಾರ ಹೋಗಬೇಡಿ, ದಿಕ್ಕು ಬದಲಿಸಿ. ಯಾವಾಗಲೂ ಒಂದೇ ಕಡೆ ಹೊರಳಿದರೆ, ಒಂದೇ ಕಡೆ ಇಳಿಜಾರಾದ ದಾರಿ ತುಳಿದರೆ, ಒಂದು ಕಾಲಿಗೇ ಭಾರ ಬೀಳುತ್ತದೆ. ಇದನ್ನು ಬಹಳ ಜನ ಗಮನಿಸುವುದಿಲ್ಲ.

ನೃಪತುಂಗ ಬೆಟ್ಟಕ್ಕೆ ಹೋಗುವ ಆಸೆ ನಿಮಗೂ ಬರುತ್ತದೆ. ಮೇಲಿನಿಂದ ಒಂದು ಕಡೆ ಅಮರಗೋಳ, ಇನ್ನೊಂದು ಕಡೆ ವಿಮಾನ ನಿಲ್ದಾಣ ಕಾಣುತ್ತದೆ, ಗಾಳಿ ಚೆನ್ನಾಗಿರುತ್ತದೆ. ಹೋಗಿ, ಆದರೆ ಇಳಿಯುವಾಗ ಓಡಬೇಡಿ. ಏರುವಾಗ ದಣಿಯುವುದು ಎದೆ. ಇಳಿಯುವಾಗ ಪ್ರತಿ ಹೆಜ್ಜೆಗೂ ತೊಡೆಯ ಸ್ನಾಯು ಬ್ರೇಕ್ ಹಿಡಿಯಬೇಕು, ಆ ಹೊಡೆತ ಮೊಣಚಿಪ್ಪಿನ ಹಿಂದೆ ಬೀಳುತ್ತದೆ. ನಾನು ಐವತ್ತು ದಾಟಿದ ಮೇಲೆ ಒಂದು ಬೆಳಿಗ್ಗೆ ಅದೇ ಇಳಿಜಾರಿನಲ್ಲಿ ಹುರುಪಿಗೆ ಬಿದ್ದು ಓಡಿ ಬಂದೆ. ಎಡ ಮೊಣಕಾಲು ಆರು ವಾರ ಮೆಟ್ಟಿಲು ಇಳಿಯಲು ಬಿಡಲಿಲ್ಲ.

ಪ್ರಶ್ನೆ: ಕಳೆದ ತಿಂಗಳು ಓಡುವಾಗ ಮೂರು ನಾಯಿ ಬೆನ್ನಟ್ಟಿದವು. ಕಚ್ಚಲಿಲ್ಲ. ಆದರೆ ಅವತ್ತಿನಿಂದ ಬೂಟು ಹಾಕಿಕೊಂಡರೇ ಎದೆ ಹೊಡೆದುಕೊಳ್ಳುತ್ತದೆ.

ಉತ್ತರ: ಕಚ್ಚಲಿಲ್ಲ ಎಂದ ಮಾತ್ರಕ್ಕೆ ಹೆದರಿಕೆ ಸಣ್ಣದಾಗುವುದಿಲ್ಲ. ನಾಚಿಕೆ ಬೇಡ. ಒಂದು ತಿಂಗಳಾದರೂ ಆ ಬೀದಿ ಬಿಟ್ಟು ಬೇರೆ ದಾರಿ ಹಿಡಿಯಿರಿ, ಜೊತೆಗೆ ಒಬ್ಬರಿರಲಿ.

ನಾಯಿ ಓಡುವುದನ್ನು ಅಟ್ಟುತ್ತದೆ. ನಿಂತದ್ದನ್ನು ಅಟ್ಟುವುದು ಕಡಿಮೆ. ಬೊಗಳುತ್ತ ಬಂದಾಗ ಓಟ ನಿಲ್ಲಿಸಿ. ಕೈ ಮೈಗೆ ಅಂಟಿಸಿ, ಅದರ ಕಣ್ಣಲ್ಲಿ ಕಣ್ಣಿಡದೆ, ಬೆನ್ನು ತೋರಿಸದೆ, ಮಗ್ಗುಲಾಗಿ ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಯಿರಿ. ಕಲ್ಲು ಎತ್ತಬೇಡಿ. ಇವತ್ತು ಕಲ್ಲು ತಿಂದ ನಾಯಿ ನಾಳೆ ಇನ್ನೊಬ್ಬ ಓಟಗಾರನ ಮೇಲೆ ಬರುತ್ತದೆ. ಮರಿ ಹಾಕಿದ ತಾಯಿ ಇರುವ ಬೀದಿ, ಮಾಂಸದಂಗಡಿಯ ಹಿಂದಿನ ಓಣಿ, ಕಸ ಸುರಿಯುವ ಮೂಲೆ, ಇವನ್ನು ಬಿಡಿ.

ಒಂದು ವೇಳೆ ಕಚ್ಚಿದರೆ, ಪರಚಿದರೂ ಸರಿ, ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿ ತೊಳೆಯಿರಿ, ಏಕೆಂದರೆ ಎರಡು ನಿಮಿಷಕ್ಕೇ ಬಹಳ ಹೊತ್ತಾಯಿತು ಅನಿಸುತ್ತದೆ. ಖಾರದಪುಡಿ, ಸುಣ್ಣ, ಅರಿಶಿನ ಯಾವುದೂ ಬೇಡ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಚರ್ಮದ ಪದರಕ್ಕೆ ಕೊಡುವ ಚುಚ್ಚುಮದ್ದಾದರೆ 0, 3, 7, 28ನೇ ದಿನ. ಸ್ನಾಯುವಿಗೆ ಕೊಟ್ಟರೆ 14ನೇ ದಿನವೂ ಸೇರುತ್ತದೆ. ರಕ್ತ ಬಂದಿದ್ದರೆ ಇಮ್ಯುನೊಗ್ಲೋಬ್ಯುಲಿನ್ (ತಕ್ಷಣ ರಕ್ಷಣೆ ಕೊಡುವ, ಗಾಯದ ಸುತ್ತ ಹಾಕುವ ಮದ್ದು) ಬೇಕೇ ಎಂದು ನೀವೇ ಕೇಳಿ. ನಾಯಿ ಹುಚ್ಚಿನ ಲಕ್ಷಣ ಕಂಡ ಮೇಲೆ ಉಳಿಸುವ ಮದ್ದಿಲ್ಲ, ಕಾಣುವ ಮೊದಲು ಪೂರ್ತಿ ಚುಚ್ಚಿಸಿಕೊಂಡವರು ಉಳಿಯುತ್ತಾರೆ. ಆದ್ದರಿಂದ ಒಂದು ಡೋಸನ್ನೂ ತಪ್ಪಿಸಬೇಡಿ.

ಪ್ರಶ್ನೆ: ವಯಸ್ಸು 22. ದಿನಕ್ಕೆ 3 ಕಿ.ಮೀ. ಓಡುತ್ತೇನೆ. ಎರಡು ತಿಂಗಳಲ್ಲಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಓಡಿ ತೋರಿಸುತ್ತೇನೆಂದು ಗೆಳೆಯರಿಗೆ ಮಾತು ಕೊಟ್ಟಿದ್ದೇನೆ. ಬಿಆರ್‌ಟಿಎಸ್ ಪಥ ಬೆಳಿಗ್ಗೆ ಖಾಲಿ ಇರುತ್ತದಲ್ಲ, ಅಲ್ಲೇ ಓಡಬಹುದೇ? ಈಗ ಮೊಣಕಾಲ ಕೆಳಗೆ ಮುಂಗಾಲೂ ನೋಯುತ್ತಿದೆ.

ಉತ್ತರ: ಊರಿಂದ ಊರಿಗೆ ಓಡುವ ಆಸೆ ಚೆಂದದ್ದು. ಅದನ್ನು ಬಿಡಿ ಎನ್ನುವುದಿಲ್ಲ. ಗೆಳೆಯರಿಗೆ ಕೊಟ್ಟ ದಿನಾಂಕವನ್ನು ಮಾತ್ರ ಬಿಡಿ.

ಬಿಆರ್‌ಟಿಎಸ್‌ನ ಚಿಗರಿ ಬಸ್ಸಿನ ಪಥದಲ್ಲಿ ಖಂಡಿತ ಬೇಡ. ಅದು ಬಸ್ಸಿಗೇ ಮೀಸಲು, ಅಲ್ಲಿ ಮನುಷ್ಯರಿರುತ್ತಾರೆಂದು ಚಾಲಕರು ಎಣಿಸುವುದಿಲ್ಲ. ಎರಡೂ ಬದಿ ಕಟ್ಟೆ, ಬಸ್ಸು ಬಂದರೆ ಸರಿಯಲು ಜಾಗವಿಲ್ಲ.

ಅವಳಿ ನಗರದ ನಡುವೆ ಸುಮಾರು 20 ಕಿ.ಮೀ. ಅರ್ಧ ಮ್ಯಾರಥಾನ್ ಎಂದರೆ 21.0975 ಕಿ.ಮೀ., ಹೆಚ್ಚುಕಡಿಮೆ ಅಷ್ಟೇ. ಆದರೆ ಉಣಕಲ್, ರಾಯಾಪುರ, ಸತ್ತೂರು, ನವಲೂರು ದಾಟಿ ಹೋಗುವ ಈ ದಾರಿ ಸಮತಟ್ಟಲ್ಲ. ಧಾರವಾಡ ಹುಬ್ಬಳ್ಳಿಗಿಂತ ಎತ್ತರದಲ್ಲಿದೆ, ಕಾಲು ದಣಿದ ಹೊತ್ತಿಗೇ ನಿಮಗೆ ಏರು ಸಿಗುತ್ತದೆ. 3 ಕಿ.ಮೀ.ಯಿಂದ ಅಲ್ಲಿಗೆ ಮುಟ್ಟಲು ಐದಾರು ತಿಂಗಳು ಬೇಕು. ವಾರದ ಒಟ್ಟು ದೂರವನ್ನು ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚಿಸಬೇಡಿ. ನಾಲ್ಕನೇ ವಾರ ಸ್ವಲ್ಪ ಇಳಿಸಿ. ಮೊದಲು ಹತ್ತಿರದ ಕೆರೆಯ ದಂಡೆಯಲ್ಲೇ ಸುತ್ತು ಹಾಕಿ ಆ ದೂರ ಮುಟ್ಟಿ. ನೀರು ಕೈಗೆ ಸಿಗುತ್ತದೆ, ಸಾಕಾದರೆ ನಿಲ್ಲಬಹುದು.

ನೋವಿನ ವಿಷಯಕ್ಕೆ ಬರೋಣ. ಅದು ಬಹುಶಃ ಶಿನ್ ಸ್ಪ್ಲಿಂಟ್ (ಮುಂಗಾಲಿನ ಎಲುಬಿನ ಒಳ ಅಂಚು ಉದ್ದಕ್ಕೂ ನೋಯುವುದು). ಎರಡು ವಾರ ಓಟ ನಿಲ್ಲಿಸಿ ಸೈಕಲ್ ತುಳಿಯಿರಿ. ಬೂಟಿನ ತಳ ಸವೆದಿದೆಯೇ ನೋಡಿ. ಬೆರಳಿನಿಂದ ಒತ್ತಿದಾಗ ಒಂದೇ ಚುಕ್ಕೆಯಲ್ಲಿ ಚುಚ್ಚಿದಂತೆ ನೋವಾದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಎಲುಬು ಸೂಕ್ಷ್ಮವಾಗಿ ಬಿರುಕು ಬಿಟ್ಟಿರಬಹುದು. ಆಗ ತಡಮಾಡದೆ ಮೂಳೆ ವೈದ್ಯರ ಹತ್ತಿರ ಹೋಗಿ.

ಪ್ರಶ್ನೆ: ಮಳೆಗಾಲದಲ್ಲಿ ಹೊಲದ ದಾರಿಯಲ್ಲಿ ಓಡಲು ಖುಷಿ. ಆದರೆ ಜಾರಿ ಬೀಳುವ ಭಯ. ಏನಾದರೂ ಉಪಾಯ?

ಉತ್ತರ: ನಮ್ಮ ಎರೆಮಣ್ಣಿನ ಜೊತೆ ಯಾವ ಬೂಟೂ ಗೆಲ್ಲುವುದಿಲ್ಲ. ನಾಲ್ಕು ಹೆಜ್ಜೆಗೆ ಅಡಿಗೆ ಹೆಂಟೆ ಕಟ್ಟುತ್ತದೆ, ಪಾದ ಅಗಲವಾಗುತ್ತದೆ, ಕಾಲೆತ್ತಿದರೆ ಹಿಮ್ಮಡಿ ಬೂಟಿನಿಂದ ಹೊರಗೆ ಬರುತ್ತದೆ. ಪಾದದ ಕೀಲು ಉಳುಕುವುದು ಹೀಗೆಯೇ. ಮಳೆ ಹಿಡಿದ ವಾರಗಳಲ್ಲಿ ಹೊಲದ ದಾರಿ ಬಿಟ್ಟು ಕಲ್ಲು ಹಾಸಿದ ಕೆರೆದಂಡೆಗೆ ಬನ್ನಿ, ಪಾಚಿ ಕಂಡಲ್ಲಿ ನಡೆಯಿರಿ. ಧಾರವಾಡದ ಕಡೆ ಕೆಂಪು ಮಣ್ಣಿದ್ದಲ್ಲಿ ನೀರು ಬೇಗ ಇಂಗುತ್ತದೆ, ಮಳೆ ಬಿಟ್ಟ ಮರುದಿನ ಅಲ್ಲಿ ಓಡಬಹುದು. ಹೊಲದ ದಾರಿ ಎಲ್ಲಿಗೂ ಹೋಗುವುದಿಲ್ಲ, ನವೆಂಬರ್ ಹೊತ್ತಿಗೆ ಒಣಗಿ ಗಟ್ಟಿಯಾಗಿರುತ್ತದೆ. ಆಗ ಹೋಗಿ, ಬಿರುಕಿನಲ್ಲಿ ಕಾಲು ಸಿಕ್ಕದಂತೆ ನೋಡಿಕೊಳ್ಳಿ.