ಎಡೆಬಿಡದ ಪಯಣ

ಬೈಸಿಕಲ್ ಪಂದ್ಯ ನಡೆಯುವಾಗ ಜನರು ರಸ್ತೆಯ ಇಕ್ಕೆಲಗಳಲ್ಲಿ ಕಿಕ್ಕಿರಿದು ನೆರೆಯುವುದುಂಟು. ಸವಾರರು ಮಿಂಚಿನಂತೆ ಹಾದುಹೋಗುತ್ತಾರೆ, ಚಪ್ಪಾಳೆ ಮೊಳಗುತ್ತದೆ. ಆದರೆ ಇಡೀ ಒಂದು ವರ್ಷ ನಡೆಯುವ ಪಂದ್ಯವನ್ನು ನಿಂತು ನೋಡುವವರಾರು? ಅಂತಹ ಪಂದ್ಯವೂ ಒಂದುಂಟು. ಹನ್ನೆರಡು ತಿಂಗಳಲ್ಲಿ ಅತ್ಯಧಿಕ ದೂರವನ್ನು ಕ್ರಮಿಸಿದವನೇ ಅದರಲ್ಲಿ ವಿಜಯಿ. 1911ರಲ್ಲಿ ಇಂಗ್ಲೆಂಡಿನ ಪತ್ರಿಕೆಯೊಂದು ಇದಕ್ಕೆ ನಾಂದಿ ಹಾಡಿತು. ಆ ವರ್ಷ ಮಾರ್ಸೆಲ್ ಪ್ಲೇನ್ಸ್ ಎಂಬಾತನು 34,366 ಮೈಲಿಗಳನ್ನು ಕ್ರಮಿಸಿದನು. 1937ರಲ್ಲಿ ಆಸ್ಟ್ರೇಲಿಯದ ಆಸಿ ನಿಕಲ್ಸನ್ ಆ ದಾಖಲೆಯನ್ನು 62,657 ಮೈಲಿಗಳಿಗೆ ಏರಿಸಿದನು. ಇದನ್ನು ಮೀರಲು 1939ರ ಜನವರಿ 1ರಂದು ಇಂಗ್ಲೆಂಡಿನಿಂದ ಹೊರಟವರಲ್ಲಿ ಟಾಮಿ ಗಾಡ್ವಿನ್ ಒಬ್ಬನು.

ಗಾಡ್ವಿನ್ ಜನಿಸಿದುದು 1912ರಲ್ಲಿ, ಕುಂಬಾರಿಕೆಗೆ ಹೆಸರಾದ ಸ್ಟೋಕ್-ಆನ್-ಟ್ರೆಂಟ್ ನಗರದಲ್ಲಿ. ಬಾಲ್ಯದಲ್ಲಿಯೇ ಸಂಸಾರದ ಹೊರೆ ಹೊರಬೇಕಾಗಿ ಬಂದು, ಅಂಗಡಿಯ ಸಾಮಾನುಗಳನ್ನು ಮನೆಮನೆಗೆ ತಲುಪಿಸುವ ಕೆಲಸಕ್ಕೆ ಸೇರಿದನು. ಅದಕ್ಕಾಗಿ ದೊರೆತ ಭಾರವಾದ ಬೈಸಿಕಲ್ಲೇ ಆತನ ಮೊದಲ ವಾಹನ. ಹದಿನಾಲ್ಕರ ಹರೆಯದಲ್ಲಿ ಅದರ ಮುಂದಿನ ಬುಟ್ಟಿಯನ್ನು ಕಳಚಿಟ್ಟು ಇಪ್ಪತ್ತೈದು ಮೈಲಿಯ ಸ್ಪರ್ಧೆಯೊಂದಕ್ಕೆ ಇಳಿದು ಗೆದ್ದನು.

1939ರಲ್ಲಿ ಆತನು ತುಳಿದ ಉಕ್ಕಿನ ಬೈಸಿಕಲ್ ಮೂವತ್ತು ಪೌಂಡಿಗೂ ಹೆಚ್ಚು ತೂಗುತ್ತಿತ್ತು. ಆತನ ಆಹಾರವೋ, ಶುದ್ಧ ಸಸ್ಯಾಹಾರ. ವರ್ಷಾಂತ್ಯಕ್ಕೆ ಆತನು ಕ್ರಮಿಸಿದ್ದ ದೂರ 75,065 ಮೈಲಿ. ಭೂಮಿಯನ್ನು ಸಮಭಾಜಕ ವೃತ್ತದಗುಂಟ ಮೂರು ಬಾರಿ ಸುತ್ತಿದಷ್ಟು.

ಈ ಮೊತ್ತವನ್ನು ಕಂಡು ಬೆರಗಾಗುವುದು ಸುಲಭ. ಅದು ಕೂಡಿಬಂದ ಬಗೆಯನ್ನು ಕಾಣಲು ಸ್ವಲ್ಪ ಗಣಿತ ಬೇಕು. ಗಾಡ್ವಿನ್ನನ ಅತ್ಯಂತ ದೀರ್ಘವಾದ ಒಂದು ದಿನದ ಸವಾರಿ ಜೂನ್ 21ರದು. ಅಂದು ಆತನು 361 ಮೈಲಿ ಸಾಗಿದನು. ಅದ್ಭುತವೇ ಸರಿ. ಆದರೆ ವರ್ಷದ ಒಟ್ಟು ದೂರದಲ್ಲಿ ಅದು ಇನ್ನೂರರಲ್ಲಿ ಒಂದು ಪಾಲೂ ಅಲ್ಲ. ದಾಖಲೆಯನ್ನು ಕಟ್ಟಿದುದು ಆ ಒಂದು ಮಹಾದಿನವಲ್ಲ. ಯಾರೂ ನೆನಪಿಡದ ಉಳಿದ ದಿನಗಳು. ಆತನ ದೈನಂದಿನ ಸರಾಸರಿ 205 ಮೈಲಿಗೂ ಮಿಗಿಲು. ಒಂದು ದಿನ ಮನೆಯಲ್ಲಿ ಕುಳಿತುಬಿಟ್ಟನೆನ್ನಿ. ಮರುದಿನ ಎರಡರಷ್ಟು ತುಳಿಯುವುದು ಸುಲಭದ ಮಾತಲ್ಲ. ದಿನಕ್ಕೆ ಐದೈದು ಮೈಲಿ ಹೆಚ್ಚು ತುಳಿದು ನಷ್ಟವನ್ನು ತುಂಬಿಕೊಳ್ಳುವೆನೆಂದರೆ ನಲವತ್ತೊಂದು ದಿನಗಳು ಬೇಕು! ಇಂದಿನ ಪಾಠವನ್ನು ನಾಳೆ ಸೇರಿಸಿ ಓದಿದರಾಯಿತೆನ್ನುವ ವಿದ್ಯಾರ್ಥಿಯೂ ಈ ಲೆಕ್ಕವನ್ನೊಮ್ಮೆ ಹಾಕಿ ನೋಡಬಹುದು.

ಸೆಪ್ಟೆಂಬರ್ ತಿಂಗಳಲ್ಲಿ ಎರಡನೆಯ ಮಹಾಯುದ್ಧ ಆರಂಭವಾಯಿತು. ಶತ್ರುವಿಮಾನಗಳಿಗೆ ಊರುಗಳು ಕಾಣದಿರಲೆಂದು ಬ್ರಿಟನ್ನಿನಲ್ಲಿ ಬೀದಿದೀಪಗಳನ್ನು ಆರಿಸಿದರು. ವಾಹನಗಳ ದೀಪಗಳಿಗೂ ಮುಸುಕು ಬಿತ್ತು. ಚಳಿಗಾಲದಲ್ಲಿ ಅಲ್ಲಿ ಹಗಲು ಎಂಟು ಗಂಟೆಗಳಷ್ಟೇ. ಆದುದರಿಂದ ಕತ್ತಲಲ್ಲಿ ಸಾಗದೆ ಗತಿಯಿಲ್ಲ. ಅಕ್ಟೋಬರ್ 26ರಂದು ಲಂಡನ್ನಿನ ಟ್ರಫಾಲ್ಗರ್ ಚೌಕವನ್ನು ತಲುಪಿದಾಗ ಆತನು ನಿಕಲ್ಸನ್ನನ ದಾಖಲೆಯನ್ನು ದಾಟಿಯಾಗಿತ್ತು. ಅಲ್ಲಿಗೇ ನಿಲ್ಲಿಸಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆತನು ನಿಲ್ಲಿಸಲಿಲ್ಲ. ಆ ಮೇಲಿನ 66 ದಿನಗಳಲ್ಲಿ ಆತನ ಸರಾಸರಿ ಸುಮಾರು 188 ಮೈಲಿಗೆ ಇಳಿಯಿತು. ಈ ಇಳಿತವನ್ನು ಮರೆಮಾಚಬೇಕಾಗಿಲ್ಲ. ಹಿಮ, ಕತ್ತಲೆ, ದಣಿವುಗಳ ನಡುವೆ ಬೇಸಗೆಯ ವೇಗವನ್ನು ಬಯಸುವುದು ಸಾತತ್ಯವಲ್ಲ, ಹಟ. ಶಕ್ತಿ ಕುಂದಿದ ದಿನ ಕುಂದಿದಷ್ಟೇ ಶಕ್ತಿಯಿಂದ ಹೊರಡುವುದನ್ನು ಆತನು ಬಲ್ಲವನಾಗಿದ್ದನು.

ಹೊಸ ವರ್ಷ ಬಂದರೂ ಗಾಡ್ವಿನ್ ಬೈಸಿಕಲ್ಲಿನಿಂದ ಇಳಿಯಲಿಲ್ಲ. ಕಡುಚಳಿಯ ಆ ಜನವರಿಯಿಂದ ಮೇ ತಿಂಗಳವರೆಗೆ ದಿನವೊಂದಕ್ಕೆ ಸುಮಾರು 185 ಮೈಲಿಯಂತೆ ಸಾಗಿ, ಐನೂರು ದಿನಗಳಲ್ಲಿ ಒಂದು ಲಕ್ಷ ಮೈಲಿಗಳನ್ನು ಪೂರೈಸಿದನು. ಬೈಸಿಕಲ್ ತುಳಿದು ತುಳಿದು ಆತನ ಕಾಲುಗಳು ನಡಿಗೆಯನ್ನೇ ಮರೆತಿದ್ದವು. ಕೆಲವು ವಾರ ನಡೆಯುವುದನ್ನು ರೂಢಿಸಿಕೊಂಡು, ಅನಂತರ ವಾಯುದಳವನ್ನು ಸೇರಿದನು.

ಯುದ್ಧ ಮುಗಿದ ಮೇಲೆ ಹವ್ಯಾಸಿ ಸ್ಪರ್ಧೆಗಳಿಗೆ ಮರಳುವ ಆಸೆ ಆತನಿಗಿತ್ತು. ಆದರೆ ಒಮ್ಮೆ ವೃತ್ತಿಪರನಾಗಿ ಸವಾರಿ ಮಾಡಿದವನಿಗೆ ಅಲ್ಲಿ ಪ್ರವೇಶವಿಲ್ಲವೆಂದಾಯಿತು. ಜೊತೆಯ ಸವಾರರು ಮನವಿ ಸಲ್ಲಿಸಿದರೂ ಫಲ ದೊರೆಯಲಿಲ್ಲ. ಅಷ್ಟು ದೂರ ತುಳಿದವನಿಗೆ ಇದಕ್ಕಿಂತ ಕಹಿಯಾದ ಬಹುಮಾನ ಬೇರೆ ಬೇಕೆ? ಆದರೂ ಆತನು ಬೈಸಿಕಲ್ಲನ್ನು ತೊರೆಯಲಿಲ್ಲ. ಸ್ಟೋನ್ ವೀಲರ್ಸ್ ಎಂಬ ಸಂಘದಲ್ಲಿ ಕಿರಿಯ ಸವಾರರನ್ನು ತರಬೇತುಗೊಳಿಸತೊಡಗಿದನು.

ಆತನ ವಾರ್ಷಿಕ ದಾಖಲೆ ಎಪ್ಪತ್ತಾರು ವರ್ಷ ಅಳಿಯದೆ ನಿಂತಿತು. 2016ರಲ್ಲಿ ಅಮೆರಿಕದ ಕರ್ಟ್ ಸರ್ವೋಗಲ್ 76,076 ಮೈಲಿ ಕ್ರಮಿಸಿ ಅದನ್ನು ಮೀರಿದನು. ಮರುವರ್ಷವೇ ಅಮಾಂಡಾ ಕೋಕರ್ ಎಂಬ ಅಮೆರಿಕದ ಯುವತಿ 86,573 ಮೈಲಿಗಳನ್ನು ತಲುಪಿದಳು. ಇವನ್ನು ಕಾಣಲು ಗಾಡ್ವಿನ್ ಉಳಿದಿರಲಿಲ್ಲ. 1975ರಲ್ಲಿ ಒಂದು ದಿನ, ಅರುವತ್ತಮೂರರ ವಯಸ್ಸಿನಲ್ಲಿ, ಗೆಳೆಯರೊಡನೆ ಟಟ್ಬರಿ ಕೋಟೆಯವರೆಗೆ ಬೈಸಿಕಲ್ಲಿನಲ್ಲಿ ಹೋಗಿ ಹಿಂದಿರುಗುವಾಗ ಆತನು ಕೊನೆಯುಸಿರೆಳೆದನು.