ಸರ್ವರಿನ ಒಳವಿವರ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಸೀಮೆಯಲ್ಲಿ ಪಹಣಿಯ ನಕಲು ಬೇಕಾದ ರೈತನು ಹಿಂದೆ ಗ್ರಾಮಲೆಕ್ಕಿಗರನ್ನು ಅರಸಿಕೊಂಡು ಹೋಗಬೇಕಾಗಿತ್ತು. 2000ದ ಆಸುಪಾಸಿನಲ್ಲಿ ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆಯು ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಇಂದು ಅವನ್ನು ಮನೆಯಲ್ಲಿ ಕುಳಿತೇ ನೋಡಬಹುದು. ಹೀಗೆ ಬೇಡಿದವರಿಗೆ ಬೇಡಿದ ಪುಟವನ್ನು ಒದಗಿಸುವ ಗಣಕಯಂತ್ರಕ್ಕೆ ಸರ್ವರ್ ಎಂದು ಹೆಸರು. ‘ಸರ್ವರ್ ಇಲ್ಲ’ ಎಂಬ ಮಾತು ಈಗ ಹಳ್ಳಿಯ ಮುದುಕರಿಗೂ ಪರಿಚಿತವೇ!

ಸರ್ವರು ಸಾಮಾನ್ಯವಾಗಿ ದೂರದ ಊರಿನಲ್ಲಿರುತ್ತದೆ. ಅದು ಕೆಟ್ಟಾಗ ದುರಸ್ತಿ ಮಾಡುವವನಿಗೆ ಅದರ ಒಳಗು ಕಾಣುವುದೆಂತು? ಗ್ರೀನ್‌ಲ್ಯಾಂಡಿನಲ್ಲಿ ಹುಟ್ಟಿದ ರಾಸ್ಮಸ್ ಲೆರ್ಡಾರ್ಫ್ ಎಂಬವರು 1995ರಲ್ಲಿ ಹೊರತಂದ ಪಿಎಚ್‌ಪಿ ಎಂಬ ಗಣಕಭಾಷೆ ಇಂದು ಅಸಂಖ್ಯ ಸರ್ವರುಗಳಲ್ಲಿ ಬಳಕೆಯಲ್ಲಿದೆ. ಅದರಲ್ಲಿ ‘ಪಿಎಚ್‌ಪಿ ಇನ್ಫೋ’ ಎಂಬ ಒಂದೇ ಆಜ್ಞೆಯನ್ನು ಬರೆದಿಟ್ಟರೆ ಸಾಕು, ಸರ್ವರು ತನ್ನ ವೃತ್ತಾಂತವನ್ನೆಲ್ಲ ಉದ್ದನೆಯ ಪುಟವೊಂದರಲ್ಲಿ ಹೇಳಿಬಿಡುತ್ತದೆ: ಭಾಷೆಯ ಯಾವ ಆವೃತ್ತಿ ಇದೆ, ಕಡತಗಳು ಯಾವ ಹಾದಿಯಲ್ಲಿವೆ, ಒಂದು ಕೆಲಸಕ್ಕೆ ಎಷ್ಟು ಸ್ಮೃತಿ ಮೀಸಲು, ಯಾವ ಯಾವ ಉಪಾಂಗಗಳು ಜೋಡಣೆಗೊಂಡಿವೆ ಎಂಬುದೆಲ್ಲ ಅಲ್ಲಿ ಕಾಣುತ್ತದೆ. ನಮ್ಮ ಕನ್ನಡದಂಥ ಲಿಪಿಗಳ ಪಠ್ಯವನ್ನು ನಿರ್ವಹಿಸಲು ‘ಎಂಬಿಸ್ಟ್ರಿಂಗ್’ ಎಂಬ ಉಪಾಂಗವುಂಟು. ಅದನ್ನು ನಂಬಿ ಬರೆದ ಕಾರ್ಯಕ್ರಮವು ಅದಿಲ್ಲದ ಸರ್ವರಿನಲ್ಲಿ ನಡುದಾರಿಯಲ್ಲೇ ನಿಲ್ಲುತ್ತದೆ. ದಿನವಿಡೀ ಹುಡುಕಿದರೂ ಸಿಗದ ಈ ಕೊರತೆ ಆ ಪುಟದಲ್ಲಿ ಕ್ಷಣಾರ್ಧದಲ್ಲಿ ಗೋಚರವಾಗುತ್ತದೆ.

ಆದರೆ ಪುಟವು ಓದುಗರಲ್ಲಿ ಭೇದವೆಣಿಸದು. ಹಳೆಯ ಆವೃತ್ತಿಯ ದೋಷಗಳನ್ನು ಬಲ್ಲ ಕಳ್ಳನಿಗೆ ಅದೊಂದು ನಕ್ಷೆಯೇ ಸರಿ. ಕೆಲವು ಸರ್ವರುಗಳಲ್ಲಿ ದತ್ತಾಂಶ ಭಂಡಾರದ ಗುಪ್ತಪದವನ್ನೂ ಪರಿಸರದ ವಿವರಗಳ ನಡುವೆ ಇಟ್ಟಿರುತ್ತಾರೆ, ಅದೂ ಬಯಲಾಗುತ್ತದೆ. ಇಂಥ ಪುಟಗಳನ್ನು ಮನುಷ್ಯರೇ ಹುಡುಕಬೇಕೆಂದಿಲ್ಲ. ರೂಢಿಯ ಹೆಸರುಗಳನ್ನು ಒಂದೊಂದಾಗಿ ತಟ್ಟಿ ನೋಡುವ ಕಾರ್ಯಕ್ರಮಗಳು ಅಂತರಜಾಲದಲ್ಲಿ ಹಗಲಿರುಳೂ ಅಲೆಯುತ್ತಿವೆ.

ಹೆಗ್ಗಡದೇವನಕೋಟೆ ಸೀಮೆಯ ಕಬಿನಿ ಜಲಾಶಯದ ಗರಿಷ್ಠ ಮಟ್ಟ 2284 ಅಡಿ. ಮಳೆಗಾಲದಲ್ಲಿ ನೀರಿನ ಮಟ್ಟವನ್ನು ಪತ್ರಿಕೆಗಳು ಪ್ರಕಟಿಸುತ್ತವೆ. ನದೀತೀರದ ಜನರಿಗೆ ಅದು ತಿಳಿಯಲೇಬೇಕು. ಅಣೆಕಟ್ಟಿನ ಬಾಗಿಲುಗಳನ್ನೆತ್ತುವ ಕೋಣೆಯ ಬೀಗದಕೈ ಎಲ್ಲಿದೆಯೆಂಬುದನ್ನು ಮಾತ್ರ ಯಾರೂ ಫಲಕದಲ್ಲಿ ಬರೆದು ತೂಗುಹಾಕುವುದಿಲ್ಲ. ಪಹಣಿಯು ನೀರಿನ ಮಟ್ಟದಂಥದು, ಸರ್ವರಿನ ಒಳವಿವರ ಬೀಗದಕೈಯಂಥದು.

ಆದುದರಿಂದ ಬಲ್ಲವರು ಆ ಪುಟವನ್ನು ದುರಸ್ತಿಯ ಹೊತ್ತಿಗೆ ಮಾತ್ರ ತೆರೆದು, ಕೆಲಸ ಮುಗಿದೊಡನೆ ಅಳಿಸುತ್ತಾರೆ. ಇಲ್ಲವೇ ಪಾಲಕರಿಗಷ್ಟೇ ಕಾಣುವಂತೆ ಕಾವಲಿಡುತ್ತಾರೆ. ಮರೆತು ಹಲವು ದಿನ ತೆರೆದೇ ಇದ್ದಿತೆಂದರೆ ಅಳಿಸುವುದಷ್ಟೇ ಸಾಲದು. ಅದರಲ್ಲಿ ಕಂಡಿದ್ದ ಗುಪ್ತಪದಗಳನ್ನೆಲ್ಲ ಅಂದೇ ಬದಲಾಯಿಸಬೇಕಾಗುತ್ತದೆ.